ಬಾಲ ತೆಗೆದರೆ ಬಾಲದ ಕೆಲಸ ಯಾರು ಮಾಡಬೇಕು?

ನಾನು ಕಟ್ಟಿದ ಮೊದಲ ಬಾಲವಿಲ್ಲದ ವಿಮಾನ ಗಾಳಿಯಲ್ಲಿ ಇದ್ದದ್ದು ಎರಡೇ ಸೆಕೆಂಡು. ಕೈಬಿಟ್ಟ ಕೂಡಲೇ ಮೂಗು ಎತ್ತಿತು. ಕೈಯಲ್ಲಿದ್ದ ರಿಮೋಟಿನ ಸ್ಟಿಕ್ಕನ್ನು ಪೂರ್ತಿ ಮುಂದಕ್ಕೆ ತಳ್ಳಿದೆ. ಅದು ಕೇಳಲೇ ಇಲ್ಲ. ಇನ್ನಷ್ಟು ಎತ್ತಿ, ಬೆನ್ನಡಿಯಾಗಿ ಮಗುಚಿಕೊಂಡು ಕೆರೆಯಂಗಳದ ಒಣ ಮಣ್ಣಿಗೆ ಬಿತ್ತು. ಬಲರೆಕ್ಕೆ ನಡುವಿಗೆ ಮುರಿದಿತ್ತು. ಅಣ್ಣನ ಮಗ ಮನು ಓಡಿಹೋಗಿ ಬ್ಯಾಟರಿ ಬಿಚ್ಚಿ, "ಚಿಕ್ಕಪ್ಪ, ಮೋಟರಿಗೆ ಏನೂ ಆಗಿಲ್ಲ" ಅಂತ ಅಲ್ಲಿಂದಲೇ ಕೂಗಿದ.

ನನ್ನ ಕೆಲಸ ಬೆಂಗಳೂರಿನ ಪೀಣ್ಯದಲ್ಲಿ, ಒಂದು ವರ್ಕ್‌ಶಾಪಿನಲ್ಲಿ ಸಿಎನ್‌ಸಿ ಪ್ರೋಗ್ರಾಮಿಂಗ್. ರೇಡಿಯೋ ಕಂಟ್ರೋಲ್ ವಿಮಾನ ಕಟ್ಟಿ ಹಾರಿಸುವುದು ಹಲವು ವರ್ಷಗಳ ಹವ್ಯಾಸ. ಬೆಂಗಳೂರಿನಲ್ಲಿ ಹಾರಿಸಲು ಜಾಗ ಕಷ್ಟ. ಒಂದು ಕಡೆ ಜಕ್ಕೂರು, ಇನ್ನೊಂದು ಕಡೆ ಯಲಹಂಕ, ಎಚ್‌ಎಎಲ್, ದೇವನಹಳ್ಳಿ, ಎಲ್ಲಾ ವಿಮಾನ ಓಡಾಡುವ ಆಕಾಶ. ಹಾಗಾಗಿ ಕಟ್ಟುವುದು ಬೆಂಗಳೂರಿನ ಬಾಡಿಗೆ ಮನೆಯಲ್ಲಿ, ಹಾರಿಸುವುದು ತಿಪಟೂರಿನ ಹತ್ತಿರದ ನಮ್ಮೂರಲ್ಲಿ. ಮಾರ್ಚ್ ಹೊತ್ತಿಗೆ ಕೆರೆ ಬತ್ತಿರುತ್ತದೆ. ಒಂದು ಬದಿ ತೆಂಗಿನ ತೋಟ ಬಿಟ್ಟರೆ ಉಳಿದದ್ದೆಲ್ಲ ಬಯಲು.

ಮಾಮೂಲಿ ವಿಮಾನಗಳನ್ನು, ಅಂದರೆ ಮುಂದೆ ಮೋಟರ್, ನಡುವೆ ರೆಕ್ಕೆ, ಹಿಂದೆ ಬಾಲ ಇರುವಂಥವನ್ನು, ಬಹಳಷ್ಟು ಕಟ್ಟಿದ್ದೆ. ಒಮ್ಮೆ ಏರೋ ಇಂಡಿಯಾಕ್ಕೆ ಹೋಗಿ ತೇಜಸ್ ತಲೆ ಮೇಲೆ ತಿರುಗುವುದನ್ನು ಕತ್ತೆತ್ತಿ ನೋಡುತ್ತಿದ್ದೆ. ಹಿಂದೆ ನಿಂತ ಬಾಲ ಒಂದಿದೆ, ಆದರೆ ಅಡ್ಡ ಬಾಲ ಇಲ್ಲ. ತ್ರಿಕೋನದ ರೆಕ್ಕೆ ಮಾತ್ರ. ಅಡ್ಡ ಬಾಲ ಇಲ್ಲದೆ ಅದು ಮೂಗು ಎತ್ತಿ ಇಳಿಸುವುದು ಹೇಗೆ? ಸುಮ್ನೆ ಓದಿದರೆ ನನಗೆ ಅರ್ಥವಾಗುವುದಿಲ್ಲ. ಕೈಯಲ್ಲಿ ಮಾಡಿ ನೋಡಬೇಕು. ಹಾಗೆ ಶುರುವಾದದ್ದು.

ಮೊದಲು ಬಾಲ ಏನು ಮಾಡುತ್ತದೆ ಅಂತ ಹೇಳಿಬಿಡುತ್ತೇನೆ. ಇದು ಗೊತ್ತಾದರೆ ಉಳಿದದ್ದೆಲ್ಲ ಸಲೀಸು. ಉಬ್ಬಿದ ಬೆನ್ನಿನ ಸಾಮಾನ್ಯ ರೆಕ್ಕೆ ಒಂದೇ ಇದ್ದರೆ ಅದು ಗಾಳಿಯಲ್ಲಿ ನೆಟ್ಟಗೆ ಹೋಗುವುದಿಲ್ಲ, ಮೂಗಿನ ಕಡೆ ಉರುಳಿಕೊಳ್ಳುತ್ತದೆ. ಬಾಲ ಹಿಂದೆ ಕೂತು ಸ್ವಲ್ಪ ಕೆಳಕ್ಕೆ ಒತ್ತಿ ಆ ಉರುಳುವಿಕೆಯನ್ನು ತಡೆಯುತ್ತದೆ. ಅದರ ಎರಡನೇ ಕೆಲಸ ಇನ್ನೂ ದೊಡ್ಡದು. ಗಾಳಿ ಬೀಸಿ ಮೂಗು ಮೇಲೆದ್ದರೆ ಬಾಲಕ್ಕೂ ಗಾಳಿ ಕೆಳಗಿನಿಂದ ತಗಲುತ್ತದೆ, ಬಾಲ ಎದ್ದು ಮೂಗನ್ನು ಮತ್ತೆ ಕೆಳಗೆ ತರುತ್ತದೆ. ಬಾಲ ದೂರದಲ್ಲಿ ಇರುವುದರಿಂದ ಚಿಕ್ಕದಿದ್ದರೂ ಸಾಕು. ಉದ್ದದ ಹಾರೆ ಇದ್ದರೆ ಒಬ್ಬನೇ ದೊಡ್ಡ ಕಲ್ಲು ಮೀಟಬಹುದು, ಅಲ್ವಾ? ಹಾಗೆಯೇ ಇದು.

ಆವತ್ತು ಮುರಿದ ರೆಕ್ಕೆ ಹಿಡಿದುಕೊಂಡು ಮನೆಗೆ ಬಂದಾಗ ಅಪ್ಪ ಜಗಲಿ ಮೇಲೆ ಕೂತಿದ್ದರು. ರೆಕ್ಕೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಭಾರ ಎಲ್ಲಿಟ್ಟಿದ್ದೆ?" ಅಂತ ಕೇಳಿದರು. ತೋರಿಸಿದೆ. "ಗಾಡಿಗೆ ಹುಲ್ಲು ಹೇರುವಾಗ ಹಿಂದೆ ಜಾಸ್ತಿ ಆದ್ರೆ ಮೂಕಿ ಏಳುತ್ತೆ ಕಣಪ್ಪ. ನೊಗ ಮೇಲಕ್ಕೆ ಹೋಗಿ ಎತ್ತಿನ ಕೊರಳಿಗೆ ಹಗ್ಗ ಬಿಗಿಯುತ್ತೆ. ಮುಂದೆ ಜಾಸ್ತಿ ಆದ್ರೆ ಹೆಗಲು ಹುಣ್ಣಾಗುತ್ತೆ. ನೊಗದ ಮೇಲೆ ಒಂಚೂರು ಭಾರ ಇರಬೇಕು, ಒಂಚೂರೇ" ಅಂದರು.

ನನ್ನ ವಿಮಾನದಲ್ಲಿ ಆಗಿದ್ದು ಅದೇ. ಮೂಕಿ ಎದ್ದಿತ್ತು.

ಲೆಕ್ಕ ಹೀಗಿತ್ತು. ರೆಕ್ಕೆಯ ಉದ್ದ ತುದಿಯಿಂದ ತುದಿಗೆ 1200 ಮಿ.ಮೀ. ಬುಡದಲ್ಲಿ ಅಗಲ 280, ತುದಿಯಲ್ಲಿ 160. ಮುಂದಿನ ಅಂಚು 25 ಡಿಗ್ರಿ ಹಿಂದಕ್ಕೆ ಬಾಗಿದೆ. ಮಾಮೂಲಿ ವಿಮಾನಗಳಲ್ಲಿ ನಾನು ಕಲಿತಿದ್ದ ಅಭ್ಯಾಸ ಏನೆಂದರೆ, ತೂಕದ ನಡುಬಿಂದುವನ್ನು, ನಾವು ಸಿಜಿ ಅನ್ನುವುದನ್ನು, ರೆಕ್ಕೆಯ ಸರಾಸರಿ ಅಗಲದ ಮೂರನೇ ಒಂದು ಭಾಗದಲ್ಲಿ ಇಡುವುದು. ಅದನ್ನೇ ಇಲ್ಲೂ ಇಟ್ಟೆ. ಮೂಗಿನ ತುದಿಯಿಂದ 202 ಮಿ.ಮೀ. ಹಿಂದಕ್ಕೆ ಬಂತು.

ತಪ್ಪಾದದ್ದು ಇಲ್ಲಿ. ಪ್ರತಿ ವಿಮಾನಕ್ಕೂ ನ್ಯೂಟ್ರಲ್ ಪಾಯಿಂಟ್ ಅಂತ ಒಂದು ಜಾಗ ಇರುತ್ತದೆ. ಸಿಜಿ ಅದರ ಮುಂದಿದ್ದರೆ ವಿಮಾನ ತಾನಾಗಿ ಸರಿಹೋಗುತ್ತದೆ, ಹಿಂದಿದ್ದರೆ ತಾನಾಗಿ ಮಗುಚುತ್ತದೆ. ಬಾಲ ಇರುವ ವಿಮಾನದಲ್ಲಿ ಆ ಬಾಲವೇ ಈ ಜಾಗವನ್ನು ಸಾಕಷ್ಟು ಹಿಂದಕ್ಕೆ ಎಳೆದುಕೊಂಡು ಹೋಗಿರುತ್ತದೆ. ಅದಕ್ಕೇ ಮೂರನೇ ಒಂದು ಭಾಗದಲ್ಲಿ ಸಿಜಿ ಇಟ್ಟರೂ ನಡೆಯುತ್ತದೆ. ಬಾಲ ತೆಗೆದುಹಾಕಿದರೆ ನ್ಯೂಟ್ರಲ್ ಪಾಯಿಂಟ್ ರೆಕ್ಕೆಯ ನಾಲ್ಕನೇ ಒಂದು ಭಾಗಕ್ಕೆ ವಾಪಸ್ ಬಂದು ಕೂರುತ್ತದೆ. ನನ್ನ ರೆಕ್ಕೆಯಲ್ಲಿ ಅದು 183 ಮಿ.ಮೀ. ನಾನು ಸಿಜಿ ಇಟ್ಟಿದ್ದು ಅದಕ್ಕಿಂತ 19 ಮಿ.ಮೀ. ಹಿಂದೆ. ಒಂದು ಬೆರಳು ದಪ್ಪದ ತಪ್ಪಿಗೆ ಮೂರು ವಾರದ ಕೆಲಸ ಹೋಯಿತು.

ಎರಡನೇ ರೆಕ್ಕೆಗೆ 172ರಲ್ಲಿ ಸಿಜಿ ಇಟ್ಟೆ. ಅಂದರೆ ನ್ಯೂಟ್ರಲ್ ಪಾಯಿಂಟಿಗಿಂತ 11 ಮಿ.ಮೀ. ಮುಂದೆ, ಸರಾಸರಿ ಅಗಲದ ಶೇ. 5ರಷ್ಟು. ಮಾಮೂಲಿ ವಿಮಾನದಲ್ಲಿ ಬ್ಯಾಟರಿ ಎರಡು ಸೆಂಟಿಮೀಟರ್ ಆಚೀಚೆ ಆದರೂ ಸಂಭಾಳಿಸಬಹುದು. ಇಲ್ಲಿ ಐದು ಮಿ.ಮೀ. ಸರಿದರೂ ಹಾರಾಟ ಬೇರೆಯೇ ಆಗುತ್ತದೆ. ಹಾಗಾಗಿ ಬ್ಯಾಟರಿಗೆ ಗೂಡು ಮಾಡಿ, ಗೋಡೆಗೆ ತಾಗಿ ಕೂರುವ ಹಾಗೆ ಕಟ್ಟೆ ಇಟ್ಟು, ವೆಲ್ಕ್ರೋ ಬಿಗಿದೆ. ಪ್ರತಿ ಸಲವೂ ಅದೇ ಜಾಗ.

ಆದರೆ ಸಿಜಿ ಮುಂದೆ ತಂದ ಮಾತ್ರಕ್ಕೆ ಮುಗಿಯುವುದಿಲ್ಲ. ಈಗ ಮೂಗು ಕೆಳಗೆ ಇಳಿಯುತ್ತದೆ, ಅದನ್ನು ಹಿಡಿದಿಡುವವರು ಬೇಕು. ಹಿಂದಕ್ಕೆ ಬಾಗಿದ ರೆಕ್ಕೆಯಲ್ಲಿ ತುದಿಗಳು ಸಿಜಿಗಿಂತ ಹಿಂದೆ ಇರುತ್ತವೆ. ಆ ತುದಿಗಳನ್ನು ಸ್ವಲ್ಪ ತಿರುಚಿ, ಮೂಗು ಕೆಳಗೆ ಮಾಡಿದ ಹಾಗೆ ಇಟ್ಟರೆ, ಅವು ಬುಡಕ್ಕಿಂತ ಕಡಿಮೆ ಎತ್ತುತ್ತವೆ. ಹಿಂಭಾಗ ತಗ್ಗುತ್ತದೆ, ಮೂಗು ಏಳುತ್ತದೆ. ಬಾಲ ಎಲ್ಲೂ ಹೋಗಿಲ್ಲ, ರೆಕ್ಕೆಯ ತುದಿಗೆ ಹೋಗಿ ಸೇರಿಕೊಂಡಿದೆ. ಜೊತೆಗೆ ರೆಕ್ಕೆಯ ಹಿಂದಿನ ಅಂಚನ್ನೇ ತುಸು ಮೇಲಕ್ಕೆ ಬಾಗಿಸುತ್ತಾರೆ. ಅದಕ್ಕೆ ರಿಫ್ಲೆಕ್ಸ್ ಅಂತ ಹೆಸರು.

ಈ ತಿರುಚನ್ನು ಕೊಯ್ಯುವಾಗಲೇ ತರಬೇಕು. ನಾವು ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆದೀತು. ಥರ್ಮಾಕೋಲ್ ಗಟ್ಟಿ ಜಾತಿಯದು. ಬಡಗಿ ಹತ್ತಿರ ಉಳಿದಿದ್ದ ಸನ್‌ಮೈಕಾ ತುಂಡಿನಲ್ಲಿ ಬುಡದ ಅಚ್ಚು ಒಂದು, ತುದಿಯ ಅಚ್ಚು ಒಂದು ಕತ್ತರಿಸಿ, ಅಂಚನ್ನು ನೀರುಕಾಗದದಲ್ಲಿ ನುಣ್ಣಗೆ ಉಜ್ಜಿದೆ. ಅಂಚು ಒರಟಾದರೆ ತಂತಿ ಅಲ್ಲೇ ತಡೆಯುತ್ತದೆ. ಎರಡೂ ಅಚ್ಚನ್ನು ಥರ್ಮಾಕೋಲ್ ದಿಮ್ಮಿಯ ಎರಡು ಬದಿಗೆ ಮೊಳೆಯಲ್ಲಿ ಕೂರಿಸಿದೆ. ತುದಿಯ ಅಚ್ಚಿನ ಹಿಂಭಾಗವನ್ನು ಮಾತ್ರ 8 ಮಿ.ಮೀ. ಮೇಲೆತ್ತಿದೆ. 160 ಮಿ.ಮೀ. ಅಗಲಕ್ಕೆ ಅದು ಮೂರು ಡಿಗ್ರಿ ತಿರುಚು.

ಎಸ್‌ಪಿ ರೋಡಿನಲ್ಲಿ ಕೊಂಡ ನೈಕ್ರೋಮ್ ತಂತಿಯನ್ನು ಮರದ ಬಿಲ್ಲಿಗೆ ಬಿಗಿದು, ಕರೆಂಟು ಕೊಟ್ಟು ಬಿಸಿ ಮಾಡಿದರೆ ಕೊಯ್ಯುವ ಗರಗಸ ಸಿದ್ಧ. ಕಿಟಕಿ ಬಾಗಿಲು ಎಲ್ಲ ತೆಗೆದಿಡಬೇಕು, ಆ ಹೊಗೆ ಒಳ್ಳೆಯದಲ್ಲ. ಬುಡ ಅಗಲ, ತುದಿ ಕಿರಿದು. ಹಾಗಾಗಿ ಬುಡದ ಕಡೆ ಹಿಡಿದವರು ಬೇಗ ಸರಿಯಬೇಕು, ತುದಿಯ ಕಡೆ ಹಿಡಿದವರು ನಿಧಾನ. ಆದರೂ ಇಬ್ಬರೂ ಒಟ್ಟಿಗೆ ಮುಗಿಸಬೇಕು. ಅದಕ್ಕೆ ಎರಡೂ ಅಚ್ಚಿನ ಮೇಲೆ ಸೊನ್ನೆಯಿಂದ ಹತ್ತರವರೆಗೆ ಗೆರೆ ಎಳೆದಿದ್ದೆ. ಮನು ತುದಿಯ ಕಡೆ, ನಾನು ಬುಡದ ಕಡೆ. ನಾನು "ಎರಡು... ಎರಡೂವರೆ... ಮೂರು" ಅಂತ ಕೂಗುತ್ತಾ ಹೋಗುವುದು, ಅವನು ಅದಕ್ಕೆ ಸರಿಯಾಗಿ ಸರಿಯುವುದು. ಮೊದಲ ರೆಕ್ಕೆಯಲ್ಲಿ ಅವನು ಆರರ ಹತ್ತಿರ ಒಂದು ಕ್ಷಣ ನಿಂತುಬಿಟ್ಟಿದ್ದ, ಅಲ್ಲಿ ಉಗುರು ಮುಳುಗುವಷ್ಟು ಕುಳಿ ಬಿದ್ದಿತ್ತು. ಎರಡನೇ ಸಲ ತಂತಿ ಹತ್ತಕ್ಕೆ ಬಂದು ಹೊರಬಿದ್ದಾಗ ಮೇಲಿನ ಪದರ ಸುಲಿದ ಬಾಳೆಕಾಯಿ ಸಿಪ್ಪೆಯ ಹಾಗೆ ಕಳಚಿಕೊಂಡಿತು. ಕೆಳಗೆ ನಯವಾದ ರೆಕ್ಕೆ, ತುದಿಯಲ್ಲಿ ಮೆಲ್ಲಗೆ ತಿರುಚಿಕೊಂಡಿತ್ತು. ಮನು ಅದರ ಮೇಲೆ ಅಂಗೈ ಸವರುತ್ತಾ ಬಹಳ ಹೊತ್ತು ನಿಂತಿದ್ದ.

ಅದು ಹಾರಿತು. ಎಷ್ಟು ಚೆನ್ನಾಗಿ ಅಂದರೆ, ಮೋಟರ್ ನಿಲ್ಲಿಸಿದರೂ ಕೆರೆಯ ಈ ಏರಿಯಿಂದ ಆ ದಡದವರೆಗೆ ಜಾರಿಕೊಂಡು ಹೋಯಿತು. ಹೋಲಿಸಿ ನೋಡಲು ಅಂತಲೇ ಸರಿಸುಮಾರು ಅದೇ ರೆಕ್ಕೆ ವಿಸ್ತೀರ್ಣ, ಅದೇ 750 ಗ್ರಾಂ ತೂಕದ ಒಂದು ಬಾಲದ ವಿಮಾನ ನನ್ನ ಬಳಿ ಇತ್ತು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವಾಗ ಬಾಲದ ವಿಮಾನದ ಮೋಟರ್ 5 ಆಂಪಿಯರ್ ಎಳೆಯುತ್ತಿತ್ತು, ಇದು ಮೂರೂವರೆ. ಒಡಲಿಲ್ಲ, ಬಾಲವಿಲ್ಲ, ಗಾಳಿ ಉಜ್ಜಿಕೊಂಡು ಹೋಗಬೇಕಾದ ಮೈಯೇ ಕಡಿಮೆ. ಬಾಲ ಕಳಚಿ ಗಳಿಸಿದ್ದು ಇಷ್ಟು.

ಕಳೆದುಕೊಂಡದ್ದು ಇಳಿಯುವಾಗ ಗೊತ್ತಾಯಿತು. ಇಳಿಸಲು ಮೂಗು ಎತ್ತಬೇಕು. ಎತ್ತಲು ರೆಕ್ಕೆಯ ಹಿಂದಿನ ಎಲಿವಾನುಗಳನ್ನು, ಅಂದರೆ ಹಿಂದಿನ ಅಂಚಿಗೆ ಕೀಲಿನಲ್ಲಿ ಕೂರಿಸಿದ ಫಲಕಗಳನ್ನು, ಮೇಲಕ್ಕೆ ಮಡಚಬೇಕು. ಮೇಲಕ್ಕೆ ಮಡಚಿದರೆ ಆ ರೆಕ್ಕೆ ಎತ್ತುವ ಬಲವೇ ಕಡಿಮೆಯಾಗುತ್ತದೆ. ಅಂದರೆ ಅತ್ಯಂತ ಹೆಚ್ಚು ಬಲ ಬೇಕಾದ ಹೊತ್ತಿನಲ್ಲೇ ರೆಕ್ಕೆ ತನ್ನ ಬಲವನ್ನು ಬಾಲದ ಕೆಲಸಕ್ಕೆ ಕೊಡಬೇಕು. ಬಾಲದ ವಿಮಾನದಲ್ಲಿ ಬಾಲ 650 ಮಿ.ಮೀ. ಹಿಂದೆ ಇತ್ತು. ಇಲ್ಲಿ ರೆಕ್ಕೆಯ ತುದಿ ಸಿಜಿಯಿಂದ 150 ಮಿ.ಮೀ. ಕೂಡ ದೂರ ಇಲ್ಲ. ಹಾರೆ ಮೋಟಾದರೆ ತೋಳಿಗೆ ಜಾಸ್ತಿ ಕೆಲಸ. ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂದಿನಿಂದ ಕೆಳಕ್ಕೆ ಬಾಗುವ ಫಲಕ, ಅಂದರೆ ಫ್ಲಾಪ್, ಹಾಕೋಣ ಅಂದರೆ ಅದೂ ಆಗದು. ಫ್ಲಾಪ್ ಇಳಿಸಿದರೆ ಮೂಗು ನೆಲಕ್ಕೆ ತಿರುಗುತ್ತದೆ, ಅದನ್ನು ತಡೆಯುವ ಬಾಲ ಇಲ್ಲ. ವೇಗ ಬರೆದಿಡುವ ಜಿಪಿಎಸ್ ಲಾಗರ್ ಕಟ್ಟಿ, ಎದುರುಗಾಳಿಗೆ ಒಮ್ಮೆ, ಬೆನ್ನುಗಾಳಿಗೆ ಒಮ್ಮೆ ಹಾರಿಸಿ ಸರಾಸರಿ ತೆಗೆದೆ. ಬಾಲದ ವಿಮಾನ ಗಂಟೆಗೆ 25 ಕಿ.ಮೀ.ವರೆಗೂ ತೇಲುತ್ತಿತ್ತು. ಇದು 29ಕ್ಕೇ ಕೈಬಿಡುತ್ತಿತ್ತು. ಕೇಳಲು ಸಣ್ಣ ಅಂತರ, ಇಳಿಸುವಾಗ ಮಾತ್ರ ಕೆರೆ ಚಿಕ್ಕದಾದ ಹಾಗೆ ಕಾಣುತ್ತದೆ.

ಪ್ರೊಪೆಲ್ಲರ್ ವಿಷಯವನ್ನೂ ಹೇಳಲೇಬೇಕು. ಈ ಜಾತಿಯಲ್ಲಿ ಮೋಟರ್ ಹಿಂದೆ ಇರುತ್ತದೆ. ಕೈಯಲ್ಲಿ ಎಸೆದರೆ ಪ್ರೊಪೆಲ್ಲರ್ ನಿಮ್ಮ ಬೆರಳ ಪಕ್ಕದಲ್ಲೇ ಹಾದುಹೋಗುತ್ತದೆ. ನನ್ನ ಬಲಗೈ ತೋರುಬೆರಳಿಗೆ ಮೂರು ಹೊಲಿಗೆ ಬಿದ್ದಿದೆ. ಅವತ್ತೇ ಕೈಯಲ್ಲಿ ಎಸೆಯುವುದು ಬಿಟ್ಟೆ. ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ನೈಲಾನ್ ಹಗ್ಗಕ್ಕೆ ಜೋಡಿಸಿ, ಗೂಟಕ್ಕೆ ಕಟ್ಟಿ, ಕವಣೆಯಂತೆ ಎಳೆದು ಬಿಡುತ್ತೇನೆ. ಕೊಕ್ಕೆ ಕಳಚಿ ವಿಮಾನ ನನ್ನಿಂದ ದೂರ ಹೋದ ಮೇಲೆಯೇ ಮೋಟರ್ ಶುರು. ಚಿಕ್ಕ ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗುವವರು ದಯವಿಟ್ಟು ಇದನ್ನು ಮೊದಲ ದಿನದಿಂದಲೇ ಮಾಡಿ.

ದೊಡ್ಡ ವಿಮಾನಗಳ ಕಥೆಯೂ ಇದೇ ದಾರಿಯಲ್ಲಿ ಹೋಗಿದೆ. ಅಮೆರಿಕದಲ್ಲಿ ಜಾಕ್ ನಾರ್ತ್ರಾಪ್ ಎಂಬ ವಿನ್ಯಾಸಕಾರರು ರೆಕ್ಕೆ ಒಂದೇ ಇರುವ ವಿಮಾನಕ್ಕಾಗಿ ದಶಕಗಳ ಕಾಲ ದುಡಿದರು. ಅವರ ಕಂಪನಿಯ ವೈಬಿ-49 ಎಂಬ ಜೆಟ್ ಬಾಂಬರ್ 1947ರಲ್ಲಿ ಹಾರಿತು. ಅದರ ಮೂಗು ಎಡಬಲಕ್ಕೆ ತೊನೆಯುತ್ತಿತ್ತು, ಗುರಿ ಹಿಡಿಯುವುದು ಕಷ್ಟವಾಗಿತ್ತು. ಅದು ಸೇನೆಗೆ ಸೇರಲೇ ಇಲ್ಲ. ಅದೇ ಕಂಪನಿಯ ಬಿ-2 ಹಾರಿದ್ದು 1989ರಲ್ಲಿ. ಎರಡರ ರೆಕ್ಕೆಯ ಉದ್ದವೂ ಒಂದೇ, 52.4 ಮೀಟರ್. ನಡುವೆ 42 ವರ್ಷ. ಆ ಹೊತ್ತಿಗೆ ಕಂಪ್ಯೂಟರ್ ಬಂದಿತ್ತು. ಬಿ-2ರ ರೆಕ್ಕೆಯ ತುದಿಯಲ್ಲಿ ಸೀಳಿ ಮೇಲೂ ಕೆಳಗೂ ತೆರೆದುಕೊಳ್ಳುವ ಫಲಕಗಳಿವೆ. ಎಡಕ್ಕೆ ತಿರುಗಬೇಕಾದರೆ ಎಡದ್ದು ಬಾಯಿ ತೆರೆದು ಗಾಳಿಗೆ ಅಡ್ಡ ನಿಲ್ಲುತ್ತದೆ. ನಿಂತ ಬಾಲದ ಕೆಲಸವೂ ಹೀಗೆ ತುದಿಗೆ ಹೋಯಿತು. ನನ್ನದರಲ್ಲಿ ಅಷ್ಟೆಲ್ಲ ಇಲ್ಲ. ಎರಡೂ ತುದಿಗೆ ನೆಟ್ಟಗೆ ನಿಲ್ಲುವ ಅಂಗೈಯಗಲದ ಫಲಕ, ಅಂದರೆ ಫಿನ್, ಅಂಟಿಸಿದ್ದೇನೆ.

ರೆಕ್ಕೆ ಪಳಗಿದ ಮೇಲೆ ಕೆನಾರ್ಡಿಗೆ ಕೈಹಾಕಿದೆ. ಬಾಲವನ್ನು ತೆಗೆಯುವ ಬದಲು ಮುಂದಕ್ಕೆ ತಂದು ಮೂಗಿನ ಹತ್ತಿರ ಇಡುವುದೇ ಕೆನಾರ್ಡ್. ಇದು ಹೊಸದೇನಲ್ಲ. 1903ರಲ್ಲಿ ರೈಟ್ ಸಹೋದರರು ಹಾರಿಸಿದ್ದೇ ಹಾಗಿತ್ತು. ಅದೂ ಮೂಕಿ ಏಳುವ ವಿಮಾನವೇ, ಪೈಲಟ್ ಸದಾ ಹಿಡಿದು ನಡೆಸಬೇಕಾಗಿತ್ತು. ಆಮೇಲೆ ಹೆಚ್ಚಿನವರು ಬಾಲವನ್ನು ಹಿಂದಕ್ಕೆ ಕಳಿಸಿದರು. 1970ರ ದಶಕದಲ್ಲಿ ಬರ್ಟ್ ರಟಾನ್ ಎಂಬವರು ಫೋಮ್ ಮತ್ತು ಗಾಜಿನ ನಾರಿನಿಂದ ಮನೆಯಲ್ಲೇ ಕಟ್ಟಬಹುದಾದ ಕೆನಾರ್ಡ್ ವಿಮಾನಗಳನ್ನು ಮಾಡಿ ತೋರಿಸಿದರು. ಮೊದಲು ವೇರಿಈಝಿ, ಆಮೇಲೆ ಲಾಂಗ್-ಈಝಿ. ಅವರೇ ವಿನ್ಯಾಸ ಮಾಡಿದ ವಾಯೇಜರ್ 1986ರ ಡಿಸೆಂಬರಿನಲ್ಲಿ ಎಲ್ಲೂ ಇಳಿಯದೆ, ಇಂಧನ ತುಂಬಿಸಿಕೊಳ್ಳದೆ, ಒಂಬತ್ತು ದಿನದಲ್ಲಿ ಭೂಮಿಯನ್ನು ಸುತ್ತಿ ಬಂತು. ಅದರ ಮೂಗಿನ ಬಳಿಯೂ ಕೆನಾರ್ಡ್ ಇತ್ತು.

ಇದಕ್ಕೂ ಬೆಂಗಳೂರಿಗೂ ನಂಟಿದೆ, ಅನೇಕರಿಗೆ ಗೊತ್ತಿಲ್ಲ. ನಮ್ಮ ಎನ್‌ಎಎಲ್ ಎಂಬ ವಿಮಾನ ಸಂಶೋಧನಾ ಸಂಸ್ಥೆ ಲಾಂಗ್-ಈಝಿಯ ಆಧಾರದ ಮೇಲೆ ಒಂದು ಹಗುರ ಕೆನಾರ್ಡ್ ಸಂಶೋಧನಾ ವಿಮಾನ ಕಟ್ಟಿ 1987ರಲ್ಲಿ ಹಾರಿಸಿತು. ಆಮೇಲೆ 1993ರಲ್ಲಿ ಹಾರಿದ ಹಂಸ ತರಬೇತಿ ವಿಮಾನವೂ ಕಾಂಪೊಸಿಟ್, ಅಂದರೆ ನಾರು ಮತ್ತು ರಾಳ ಸೇರಿಸಿ ಮಾಡಿದ, ಮೈಯದ್ದೇ. ಆದರೆ ಹಂಸಕ್ಕೆ ಕೆನಾರ್ಡ್ ಇಲ್ಲ. ಮುಂದೆ ಎಂಜಿನ್, ಹಿಂದೆ ಬಾಲ. ಕಲಿಯುವವರ ವಿಮಾನಕ್ಕೆ ಅದೇ ಸರಿ ಅಂತ ನನಗೂ ಅನ್ನಿಸುತ್ತದೆ. ಕಾರಣ ಮುಂದೆ ಬರುತ್ತದೆ.

ಕೆನಾರ್ಡಿನ ಆಸೆ ಹುಟ್ಟಿಸುವ ಮಾತು ಇದು. ಹಿಂದಿನ ಬಾಲ ಸಾಮಾನ್ಯವಾಗಿ ಕೆಳಕ್ಕೆ ಒತ್ತುತ್ತದೆ, ಅಂದರೆ ರೆಕ್ಕೆ ಆ ಭಾರವನ್ನೂ ಹೊರಬೇಕು. ಮುಂದಿನ ಕೆನಾರ್ಡ್ ಮೇಲಕ್ಕೆ ಎತ್ತುತ್ತದೆ, ತಾನೂ ಹೆಗಲು ಕೊಡುತ್ತದೆ. ಇನ್ನೊಂದು, ಸ್ಟಾಲ್ ಆಗುವ, ಅಂದರೆ ಮೂಗು ತೀರಾ ಎದ್ದು ರೆಕ್ಕೆ ಎತ್ತುವ ಬಲ ಕಳೆದುಕೊಂಡು ಸೋಲುವ, ಭಯ ಇಲ್ಲ. ವಿಮಾನ ತೀರಾ ನಿಧಾನವಾದರೆ ಕೆನಾರ್ಡ್ ಮೊದಲು ಸೋಲುತ್ತದೆ, ಮೂಗು ತಾನಾಗಿ ಇಳಿಯುತ್ತದೆ, ದೊಡ್ಡ ರೆಕ್ಕೆ ಸೋಲುವುದೇ ಇಲ್ಲ.

ಆದರೆ ಕೆನಾರ್ಡ್ ಮೊದಲು ಸೋಲುವ ಹಾಗೆ ಕಟ್ಟಿದರೆ ಮಾತ್ರ. ನಾನು ಮೊದಲು ಕಟ್ಟಿದ್ದರಲ್ಲಿ ಕೆನಾರ್ಡ್ 360 ಮಿ.ಮೀ. ಉದ್ದ, 140 ಅಗಲ. ಮೋಟು, ಅಗಲ. ದೊಡ್ಡ ರೆಕ್ಕೆ ಎಷ್ಟು ಕೋನದಲ್ಲಿ ಕೂತಿತ್ತೋ ಅದೂ ಅಷ್ಟೇ ಕೋನದಲ್ಲಿತ್ತು. ಸಿಜಿಯೂ ಹಿಂದಿತ್ತು. ಹಾಗಾಗಿ ಕೆನಾರ್ಡಿನ ಹೆಗಲ ಮೇಲೆ ಭಾರವೇ ಇರಲಿಲ್ಲ. ನೇರ ಹಾರುವಾಗ ಎಲ್ಲ ಸರಿಯಾಗಿಯೇ ಇತ್ತು. ಎತ್ತರದಲ್ಲಿ ಮೋಟರ್ ಇಳಿಸಿ, ಸ್ಟಿಕ್ಕನ್ನು ಪೂರ್ತಿ ಹಿಂದಕ್ಕೆ ಎಳೆದೆ. ಸ್ಟಾಲ್ ಪರೀಕ್ಷೆಗೆ. ಮೂಗು ಎದ್ದಿತು. ಇಳಿಯಲಿಲ್ಲ. ದೊಡ್ಡ ರೆಕ್ಕೆ ಸೋತಿತ್ತು, ಕೆನಾರ್ಡ್ ಇನ್ನೂ ಎತ್ತುತ್ತಲೇ ಇತ್ತು. ವಿಮಾನ ಮೂಗು ಮೇಲೆ ಮಾಡಿಕೊಂಡೇ, ಒಣಗಿದ ಎಲೆಯ ಹಾಗೆ, ಬೆನ್ನಿನ ಕಡೆಗೆ ಜಾರುತ್ತಾ ಕೆಳಗಿಳಿಯಿತು. ಏನು ಮಾಡಿದರೂ ಕೇಳಲಿಲ್ಲ. ತೆಂಗಿನ ಮರದ ಸುಳಿಗೆ ಹೋಗಿ ಕೂತಿತು. ಕಾಯಿ ಕೀಳುವ ರಾಜಣ್ಣ ಸಂಜೆ ಬಂದು ಇಳಿಸಿಕೊಟ್ಟ. ಒಳಗೆ ಮನುಷ್ಯ ಕೂತಿರುವ ವಿಮಾನದಲ್ಲಿ ಹೀಗಾದರೆ ಎಂಬ ಯೋಚನೆ ಬಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಸರಿಪಡಿಸಿದ್ದು ಹೀಗೆ. ಕೆನಾರ್ಡಿನ ವಿಸ್ತೀರ್ಣ ಅಷ್ಟೇ ಇಟ್ಟು, ಆಕಾರ ಬದಲಾಯಿಸಿದೆ. 560 ಉದ್ದ, 90 ಅಗಲ. ಕಿರಿದಾಗಿ ಉದ್ದವಾದ ರೆಕ್ಕೆ, ಮೂಗು ಎತ್ತುತ್ತಾ ಹೋದಾಗ ತನ್ನ ಪೂರ್ತಿ ಬಲಕ್ಕೆ ಬೇಗ ಮುಟ್ಟುತ್ತದೆ, ಬೇಗ ಸೋಲುತ್ತದೆ. ನಮಗೆ ಬೇಕಾದದ್ದು ಅದೇ. ಅದರ ಕೋನವನ್ನು ದೊಡ್ಡ ರೆಕ್ಕೆಗಿಂತ 3 ಡಿಗ್ರಿ ಜಾಸ್ತಿ ಮಾಡಿದೆ. ಇಲ್ಲೊಂದು ಸೂಕ್ಷ್ಮ ಇದೆ, ನನಗೆ ಲೆಕ್ಕ ಹಾಕುವಾಗ ಮಾತ್ರ ಹೊಳೆದದ್ದು. ಕೆನಾರ್ಡ್ ಚುರುಕಾದಷ್ಟೂ ನ್ಯೂಟ್ರಲ್ ಪಾಯಿಂಟ್ ಮುಂದಕ್ಕೆ ಬರುತ್ತದೆ. ನನ್ನದರಲ್ಲಿ ಸುಮಾರು 3 ಸೆಂಟಿಮೀಟರ್ ಮುಂದೆ ಬಂತು. ಆದ್ದರಿಂದ ಸಿಜಿಯನ್ನೂ ಮುಂದಕ್ಕೆ ತರಲೇಬೇಕಾಯಿತು. ಬ್ಯಾಟರಿ ಮೂಗಿನ ತುದಿಗೆ ಹೋಯಿತು. ಈಗ ಒಟ್ಟು ತೂಕದ ನಾಲ್ಕನೇ ಒಂದು ಭಾಗವನ್ನು ಕೆನಾರ್ಡ್ ಹೊರುತ್ತದೆ, ಆದರೆ ಅದರ ವಿಸ್ತೀರ್ಣ ಒಟ್ಟು ವಿಸ್ತೀರ್ಣದ ಐದನೇ ಒಂದು ಭಾಗಕ್ಕಿಂತ ಕಡಿಮೆ. ಅದರ ಪ್ರತಿ ಇಂಚಿನ ಮೇಲೂ ದೊಡ್ಡ ರೆಕ್ಕೆಯದಕ್ಕಿಂತ ಒಂದೂವರೆ ಪಟ್ಟು ಭಾರ.

ಆಮೇಲೆ ಸ್ಟಿಕ್ ಎಷ್ಟು ಎಳೆದರೂ ವಿಮಾನ ಪಾರಿವಾಳದ ಹಾಗೆ ತಲೆಯಾಡಿಸುತ್ತದೆ ಅಷ್ಟೇ. ಮೂಗು ತುಸು ಇಳಿಯುತ್ತದೆ, ಕೆನಾರ್ಡಿಗೆ ಮತ್ತೆ ಗಾಳಿ ಸಿಗುತ್ತದೆ, ಮೂಗು ಏಳುತ್ತದೆ. ರೆಕ್ಕೆ ಸೋಲುವುದಿಲ್ಲ. ಇದನ್ನು ಮೊದಲ ಸಲ ನೋಡಿದಾಗ ಮನು ಮತ್ತೆ ಮತ್ತೆ ಮಾಡಿಸಿದ.

ಈಗ ಬೆಲೆಯ ಮಾತು. ದೊಡ್ಡ ರೆಕ್ಕೆ ಯಾವತ್ತೂ ಸೋಲಬಾರದು ಅಂದರೆ, ಅದು ತನ್ನ ಪೂರ್ತಿ ಬಲವನ್ನು ಯಾವತ್ತೂ ಬಳಸಬಾರದು ಅಂತಲೇ ಅರ್ಥ. ಅಷ್ಟು ದೊಡ್ಡ ರೆಕ್ಕೆ ಹೊತ್ತುಕೊಂಡು ಹೋಗಿ ಅದರ ಶಕ್ತಿಯ ಒಂದು ಪಾಲನ್ನು ಮೀಸಲಿಡಬೇಕು. ಜಿಪಿಎಸ್ ಲಾಗರ್ ಪ್ರಕಾರ ಇದು ತೇಲಬಲ್ಲ ಅತಿ ಕಡಿಮೆ ವೇಗ ಗಂಟೆಗೆ 31 ಕಿ.ಮೀ. ಮೂರರಲ್ಲಿ ಅತಿ ವೇಗವಾಗಿ ಇಳಿಯುವುದು ಇದೇ. ಹಂಸದಂಥ ತರಬೇತಿ ವಿಮಾನಕ್ಕೆ ನಿಧಾನ ಇಳಿಯುವುದು ಮುಖ್ಯ. ಜೊತೆಗೆ, ಸ್ಟಾಲ್ ಅಂದರೇನು ಅಂತ ಕಲಿಸಬೇಕಾದ ವಿಮಾನ ಅದು.

ಮಳೆಯ ಸಮಸ್ಯೆ ಇನ್ನೊಂದು. ರಟಾನ್ ಅವರ ವಿಮಾನಗಳಲ್ಲಿ ಮೊದಲು ಬಳಸಿದ್ದ ಕೆನಾರ್ಡಿನ ಆಕಾರ ತೀರಾ ನಯವಾದ ಗಾಳಿಯ ಹರಿವನ್ನು ನಂಬಿತ್ತು. ಮಳೆಹನಿ ಬಿದ್ದ ಕೂಡಲೇ ಹರಿವು ಕದಡಿ, ಕೆನಾರ್ಡ್ ಬಲ ಕಳೆದುಕೊಂಡು ಮೂಗು ಇಳಿಯುತ್ತಿತ್ತು. ಆಮೇಲೆ ಜಾನ್ ರಾಂಝ್ ಎಂಬವರು ಹೊಸ ಆಕಾರ ಮಾಡಿಕೊಟ್ಟರು. ಹಿಂದಿನ ಬಾಲಕ್ಕೆ ಹನಿ ಬಿದ್ದರೆ ಇಷ್ಟು ದೊಡ್ಡ ಸುದ್ದಿ ಆಗುವುದಿಲ್ಲ. ಭಾರ ಹೊರುವವನ ಕಾಲು ಜಾರುವುದೇ ಬೇರೆ ವಿಷಯ.

ಲಾಂಗ್-ಈಝಿಯ ಒಂದು ನೋಟ ನನಗೆ ಬಹಳ ಇಷ್ಟ. ಎಂಜಿನ್ ಹಿಂದೆ ಇರುವುದರಿಂದ, ಪೈಲಟ್ ಇಳಿದುಬಿಟ್ಟರೆ ಅದು ಹಿಂದಕ್ಕೆ ಮಗುಚಬಹುದು. ಹಾಗಾಗಿ ನಿಲ್ಲಿಸುವಾಗ ಮುಂದಿನ ಚಕ್ರ ಮಡಚಿ, ಮೂಗನ್ನು ನೆಲಕ್ಕೆ ಊರಿ ಮಂಡಿಯೂರಿಸುತ್ತಾರೆ. ಅದರ ಚಿತ್ರವನ್ನು ಅಪ್ಪನಿಗೆ ಮೊಬೈಲಿನಲ್ಲಿ ತೋರಿಸಿದೆ. "ಎತ್ತು ಬಿಚ್ಚಿ ಮೂಕಿ ನೆಲಕ್ಕೆ ಬಿಟ್ಟ ಗಾಡಿ" ಅಂದರು. ಅದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಮತ್ತೆ ತೇಜಸ್‌ಗೆ ಬರುತ್ತೇನೆ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್ ಬೇಕೆಂದೇ ಅಸ್ಥಿರವಾಗಿ ಮಾಡಿದ ವಿಮಾನ. ಮೂಕಿ ಸದಾ ಏಳಲು ನೋಡುತ್ತದೆ. ಪೈಲಟ್ ಆಜ್ಞೆಯನ್ನು ವಿದ್ಯುತ್ ಸಂಕೇತವಾಗಿ ತಲುಪಿಸುವ, ಒಂದು ಕೆಟ್ಟರೆ ಇನ್ನೊಂದು ಎಂಬಂತೆ ನಾಲ್ಕು ದಾರಿಗಳಿರುವ ಫ್ಲೈ-ಬೈ-ವೈರ್ ಕಂಪ್ಯೂಟರ್ ವ್ಯವಸ್ಥೆ ಅದನ್ನು ಬಿಡದೆ ಒತ್ತಿಹಿಡಿಯುತ್ತದೆ. ಹಾಗಾಗಿ ಮೂಗು ಎತ್ತಲು ರೆಕ್ಕೆ ಅಷ್ಟು ಬಲ ಕಳೆದುಕೊಳ್ಳಬೇಕಿಲ್ಲ, ತಿರುಗುವುದೂ ಚುರುಕು. ಬಾಲದ ಕೆಲಸವನ್ನು ಇಲ್ಲಿ ಅರ್ಧ ರೆಕ್ಕೆ ಮಾಡಿದರೆ ಅರ್ಧ ಕಂಪ್ಯೂಟರ್ ಮಾಡುತ್ತದೆ.

ನಾನೂ ಗೈರೋ, ಅಂದರೆ ವಿಮಾನ ತಿರುಗುವುದನ್ನು ಗ್ರಹಿಸುವ ಸಾಧನ, ಇರುವ ಒಂದು ಫ್ಲೈಟ್ ಕಂಟ್ರೋಲರ್ ಬೋರ್ಡ್ ಕೂರಿಸಿ, ಬಾಲವಿಲ್ಲದ ರೆಕ್ಕೆಯ ಸಿಜಿಯನ್ನು 186ಕ್ಕೆ, ಅಂದರೆ ನ್ಯೂಟ್ರಲ್ ಪಾಯಿಂಟಿನ ಹಿಂದಕ್ಕೆ, ತಂದು ಹಾರಿಸಿದೆ. ಹಾರಿತು. ನೆಟ್ಟಗೆ, ಹಿಡಿದ ಗೆರೆಯ ಮೇಲೆ. ಆದರೆ ನಿಧಾನವಾದಂತೆ ಎಲಿವಾನುಗಳು ಪಟಪಟ ಬಡಿದುಕೊಳ್ಳಲು ಶುರುಮಾಡಿದವು. ಗಾಳಿ ಕಡಿಮೆ, ಹಿಡಿತ ಕಡಿಮೆ, ಬೋರ್ಡ್ ಇನ್ನೂ ಜಾಸ್ತಿ ತಿರುಗಿಸುತ್ತದೆ. ಕೊನೆಗೆ ಎಲಿವಾನ್ ಪೂರ್ತಿ ತಿರುಗಿ ನಿಂತಿತು. ಅಲ್ಲಿಂದ ಆಚೆಗೆ ಕಂಪ್ಯೂಟರಿನ ಕೈಯಲ್ಲೂ ಏನೂ ಇಲ್ಲ. ವೇಗ ಹೆಚ್ಚಿಸಿ ಉಳಿಸಿಕೊಂಡೆ. ಹೊಸದಾಗಿ ಶುರುಮಾಡುವವರು ತಪ್ಪು ಸಿಜಿಯನ್ನು ಮುಚ್ಚಿಡಲು ಗೈರೋ ಹಾಕುವುದನ್ನು ನಾನು ನೋಡಿದ್ದೇನೆ. ಮಾಡಬೇಡಿ. ಮೊದಲು ಗೈರೋ ಇಲ್ಲದೆ ಹಾರುವ ಹಾಗೆ ಮಾಡಿ, ಆಮೇಲೆ ಹಾಕಿ.

ನಡುವೆ ಓರೆ ರೆಕ್ಕೆಯನ್ನೂ ಪ್ರಯತ್ನಿಸಿದೆ. ನಾಸಾ 1979ರಿಂದ 1982ರವರೆಗೆ ಹಾರಿಸಿದ ಎಡಿ-1 ಎಂಬ ವಿಮಾನದಲ್ಲಿ ಇಡೀ ರೆಕ್ಕೆ ಕತ್ತರಿಯ ಅಲಗಿನ ಹಾಗೆ 60 ಡಿಗ್ರಿವರೆಗೆ ಓರೆಯಾಗುತ್ತಿತ್ತು, ಒಂದು ತುದಿ ಮುಂದೆ, ಒಂದು ತುದಿ ಹಿಂದೆ. ನನ್ನದು 20 ಡಿಗ್ರಿವರೆಗೆ ಸಲೀಸು. 40ಕ್ಕೆ ಹೋದಾಗ ಮೂಗು ಎತ್ತಿದರೆ ವಿಮಾನ ಪಕ್ಕಕ್ಕೂ ವಾಲುತ್ತಿತ್ತು. ಎಡಿ-1ರಲ್ಲೂ ಇದೇ ತೊಂದರೆ ಇತ್ತು. ಒಂದು ಬ್ಯಾಟರಿ ಮುಗಿಯುವಷ್ಟು ಹಾರಿಸಿ ಎತ್ತಿಟ್ಟೆ.

ಈಗ ಮೇಜಿನ ಮೇಲೆ ಇರುವುದು ಮೂರು ರೆಕ್ಕೆಯದು. ಇಟಲಿಯ ಪಿಯಾಜ್ಜೊ ಅವಂತಿ ವಿಮಾನದಲ್ಲಿ ಮುಂದೆ ಒಂದು ಚಿಕ್ಕ ರೆಕ್ಕೆ, ಆಮೇಲೆ ದೊಡ್ಡ ರೆಕ್ಕೆ, ಹಿಂದೆ ಬಾಲ, ಮೂರೂ ಇವೆ. ಮುಂದಿನದು ಹೆಗಲು ಕೊಡುವುದರಿಂದ ದೊಡ್ಡ ರೆಕ್ಕೆ ಚಿಕ್ಕದಾಗಬಹುದು. ದೊಡ್ಡ ರೆಕ್ಕೆಯ ತೊಲೆ ಪ್ರಯಾಣಿಕರ ಕೋಣೆಯ ಹಿಂದೆ ಹಾದುಹೋಗುತ್ತದೆ, ಕೂರುವ ಜಾಗಕ್ಕೆ ಅಡ್ಡ ಬರುವುದಿಲ್ಲ. ಬಾಲ ತನ್ನ ಹಳೆಯ ಕೆಲಸ ಮಾಡಿಕೊಂಡಿರುತ್ತದೆ. ಆದರೆ ಜಾಸ್ತಿ ಕೀಲು, ಫಲಕ ತಿರುಗಿಸುವ ಪುಟ್ಟ ಮೋಟರ್ ಅಂದರೆ ಸರ್ವೋ ಜಾಸ್ತಿ, ಜಾಸ್ತಿ ತೂಕ. ನಾನು ಮುಂದಿನ ರೆಕ್ಕೆಗೆ 420 ಮಿ.ಮೀ. ಉದ್ದ ಗುರುತು ಹಾಕಿದ್ದೇನೆ. ಬ್ಯಾಟರಿ ಗೂಡನ್ನು ಮಾತ್ರ 60 ಮಿ.ಮೀ. ಹಿಂದುಮುಂದು ಸರಿಯುವ ಹಾಗೆ ಮಾಡಿದ್ದೇನೆ, ಪ್ರತಿ 5 ಮಿ.ಮೀ.ಗೂ ಒಂದು ಗೆರೆ. ಅಚ್ಚುಗಳು ಕತ್ತರಿಸಿ ಆಗಿವೆ. ಮನುವಿನ ಪರೀಕ್ಷೆ ಮುಗಿಯಬೇಕು, ತಂತಿಯ ಇನ್ನೊಂದು ತುದಿ ಹಿಡಿಯಲು.